ಕೆರೆ ಮೇಷ್ಟ್ರು ಬರೆಯದ ಮಾತು

ನಿನ್ನ ಹಳೇ ಕೋಣೆ
ಗುರುವಾರ ಸಂಜೆ

ಪ್ರೀತಿಯ ಅಕ್ಕಾ,

ಅದಕ್ಕೇ ಹೇಳಿದ್ದು, ಮೆಸೇಜಲ್ಲಿ ಇದೆಲ್ಲ ಆಗಲ್ಲ ಅಂತ. ನೋಡ್ತೀಯ, ನೀಲಿ ಟಿಕ್ ಬೀಳುತ್ತೆ, ಆಮೇಲೆ ಗಪ್‌ಚಿಪ್. ಕಾಗದಕ್ಕೆ ಟಿಕ್ ಇಲ್ಲ, ನೆಮ್ಮದಿ. ಹೇಗಿದ್ದೀಯ? ಗಂಟಲು ಸರಿಹೋಯ್ತಾ? ಅಮ್ಮನ ಮಂಡಿ ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟು.

ನಾಟಕದಲ್ಲಿ ನೀನು ಬಿಟ್ಟುಹೋದ ಕೆರೆ ಮೇಷ್ಟ್ರ ಪಾತ್ರ ಈಗ ನಂದು! ಅದೇ ಶಾಲು, ಅದೇ ಬೆತ್ತದ ಕುರ್ಚಿ, ಕೆರೆಯ ಪ್ರಾಣಿಪಕ್ಷಿಗಳ ಮೇಲೆ ಅವರು ಬರೆದ ಪುಸ್ತಕಗಳಿಂದ ನೀನು ಆರಿಸಿ ಜೋಡಿಸಿದ್ದ ಅದೇ ಮಾತು. ಅವರ ಪುಸ್ತಕದ ಪುಟಗಳ ಫೋಟೋ ಹಾಕಿ ವಾಟ್ಸಾಪ್ ಗ್ರೂಪಲ್ಲಿ ಅವರ ಪರವಾಗಿ ಜಗಳ ಆಡ್ತಿದ್ದ ನಾನು ಅವರ ಕುರ್ಚೀಲಿ ಕೂತಿದ್ದೀನಿ, ನಂಬ್ತೀಯಾ? ನೀರುನಾಯಿ ಮೀನು ಕದಿಯೋ ಭಾಗಕ್ಕೆ ಜನ ಬಿದ್ದುಬಿದ್ದು ನಗ್ತಾರೆ. ಆದ್ರೆ ಕೊನೇ ದೃಶ್ಯ ಇದೆಯಲ್ಲ, ಕೆರೆಯ ಪ್ರಾಣಿಗಳನ್ನ ನೆನೆದು 'ಇಷ್ಟು ವರ್ಷ ನಾನು ಅವನ್ನ ನೋಡಿದ್ದಾಯ್ತು. ದೀಪ ಆರಿಸು, ಇನ್ನು ಅವು ನನ್ನ ನೋಡಲಿ' ಅಂತೀನಿ, ಆ ಮಾತಿಗೇ ಕಾದಿದ್ದು ಲೈಟಿನ ಮಾಮ ಎಲ್ಲ ಆರಿಸ್ತಾನೆ. ಚಪ್ಪಾಳೆ ಬರೋತನಕ ಅಲ್ಲಾಡಬಾರದು, ನಿನ್ನ ರೂಲ್ಸು. ಆಗ ಯಾರೋ ನೋಡ್ತಿದ್ದಾರೆ ಅನ್ಸುತ್ತೆ ಅಕ್ಕಾ. ಜನ ಅಲ್ಲ, ಜನ ಇರೋದು ಎದುರಿಗೆ. ಇದು ಬೆನ್ನ ಹಿಂದೆ, ಪರದೆ ಬುಡದಿಂದ, ನೆಲಕ್ಕೆ ತೀರ ಹತ್ತಿರದಿಂದ.

ನಿನ್ನೆ ಶೋ ಮುಗಿದ ಮೇಲೆ ಮೇಷ್ಟ್ರ ಹೆಂಡತಿ ಮೇಕಪ್ ಕೋಣೆಗೇ ಬಂದ್ರು. ಕೈ ಹಿಡ್ಕೊಂಡು 'ಚೆನ್ನಾಗಿ ಮಾಡ್ದೆ ಮಗಾ' ಅಂದ್ರು. ನಾನು ಉಬ್ಬಿಹೋಗಿ, 'ಒಂದಕ್ಷರ ನಮ್ದಲ್ಲ ಅಜ್ಜೀ, ಎಲ್ಲಾ ಅವರು ಬರೆದಿದ್ದೇ' ಅಂದೆ. ಅಜ್ಜಿ ಕೈ ಬಿಡ್ಲಿಲ್ಲ. 'ದೀಪದ ಮಾತು ಅವರು ಬರೆದಿಲ್ಲ. ತೀರಿಹೋದ ದಿನ ಮಂಚದ ಮೇಲಿಂದ ನನಗೆ ಹೇಳಿದ್ದು. ಮನೇಲಿ ನಾವಿಬ್ಬರೇ. ಇವತ್ತಿನವರೆಗೂ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ.'

ಮನೆಗೆ ಬಂದವನೇ ಪುಸ್ತಕ ಎಲ್ಲ ತಿರುವಿ ಹಾಕಿದೆ. ಎಲ್ಲೂ ಇಲ್ಲ. ನೀನು ಅವರ ಮನೆ ಹೊಸಿಲೂ ತುಳಿದವಳಲ್ಲ. ಅವತ್ತು ರಿಹರ್ಸಲಲ್ಲಿ ಆ ಮಾತು ಸುಮ್ಮನೆ ನಿನ್ನ ಬಾಯಿಂದ ಬಂತು, ನಾವು ಸೂಪರ್ ಸೂಪರ್ ಅಂದ್ವಿ, ಯಾವ ಪುಸ್ತಕದ್ದು ಅಂತ ಒಬ್ಬರೂ ಕೇಳ್ಲಿಲ್ಲ. ಅದೇ ವಾರ ನೀನು ಊರು ಬಿಟ್ಟೆ.

ಅಮ್ಮನ ಆಶೀರ್ವಾದ, ಬೈಗುಳ ಎರಡೂ ಇವೆ, ಸಮಪಾಲು. ಬಿಸಿನೀರು ಕುಡೀತಿರು.

ನಿನ್ನ ಬಾಲ

ತಾ.ಕ.: ಇದನ್ನ ಬರೆಯೋಕೇ ಕೂತಿದ್ದು, ಕೈ ಓಡ್ತಿರ್ಲಿಲ್ಲ. ಮೇಷ್ಟ್ರು ಆರಿಸು ಅಂದಾಗ ಅಜ್ಜಿ ಎದ್ದು ಹೋದ್ರಂತೆ, ಸ್ವಿಚ್ಚು ಪಕ್ಕದ ಕೋಣೇಲಿ. ಅಷ್ಟರಲ್ಲಿ ಅವರು ಇನ್ನೇನೋ ಅಂದ್ರಂತೆ. ದನಿ ಕೇಳಿಸ್ತಂತೆ, ಮಾತು ತಿಳೀಲಿಲ್ಲವಂತೆ. ವಾಪಸ್ ಬರೋಷ್ಟರಲ್ಲಿ ಮುಗಿದಿತ್ತು. 'ಇದು ಗೊತ್ತಿದ್ದವರಿಗೆ ಅದೂ ಗೊತ್ತಿರಬೇಕಲ್ವಾ ಮಗಾ?' ಅಂತಾರೆ. ಶನಿವಾರದ ಶೋಗೆ ಮುಂದಿನ ಸಾಲಲ್ಲೇ ಕೂರ್ತಾರೆ. ಲೈಟಿನ ಮಾಮ 'ಏನೋ ಒಂದು ಸೇರಿಸಿ ಹೇಳಿಬಿಡೋ, ಪಾಪ ಸಮಾಧಾನ ಆಗ್ಲಿ' ಅಂತಾನೆ. ಹೆಂಡತಿ ಎದುರಿಗೆ ಅವರ ಬಾಯಲ್ಲಿ ನನ್ನ ಸುಳ್ಳು ತುರುಕಲಾ? ಆಗಲ್ಲ. ಅವತ್ತು ರಿಹರ್ಸಲಲ್ಲಿ ದೀಪ ಆರಿದ ಮೇಲೆ ನೀನೂ ಕತ್ತಲಲ್ಲಿ ಏನೋ ಗೊಣಗಿದೆ. ನಾವು ಚಪ್ಪಾಳೆ ಹೊಡೀತಿದ್ವಿ. ಏನಂದೆ ಅಕ್ಕಾ?