ಸೊಂಡಿಲಿಗೊಂದು ಉಸಿರು

ಫೆಬ್ರವರಿ 3, ಬೆಳಗ್ಗೆ

ಮತ್ತೆ ಸೊಂಡಿಲು ತೊಳೆಯುವ ದಿನ. ಮೃಗಾಲಯದ ಆನೆಗಳಿಗೆ ವರ್ಷಕ್ಕೊಮ್ಮೆಯ ಟಿಬಿ ಟೆಸ್ಟ್. ಅವು ನೀರು ಕುಡಿಯುವ ಮೊದಲೇ ಹೋಗಬೇಕು, ಅವುಗಳ ಡಾಕ್ಟರಾದ ನನ್ನ ತಿಂಡಿಗೆ ಕೊಕ್. ಸೊಂಡಿಲಿಗೆ ಸಲೈನ್ ಸುರಿ, ಮೇಲೆತ್ತಿಸು, ಪ್ಲಾಸ್ಟಿಕ್ ಚೀಲದೊಳಗೆ ಊದಿಸು, ಲ್ಯಾಬಿಗೆ ತಾ — ಅಷ್ಟೇ. ಅಷ್ಟೇ ಅನ್ನುವುದು ಮಾವ ಪಕ್ಕದಲ್ಲಿದ್ದರೆ ಮಾತ್ರ. ಬೇರೆಯವರು ಹೇಳಿದರೆ ದೊಡ್ಡಮ್ಮ ಕ್ಯಾರೇ ಅನ್ನುವುದಿಲ್ಲ.

ಮುದಿ ಹೆಣ್ಣಾನೆಗೆ ಈ ಹೆಸರಿಟ್ಟವನೂ ಅವನೇ, ಅಮ್ಮನ ತಮ್ಮ, ಆನೆಗಳನ್ನು ನೋಡಿಕೊಳ್ಳುವವನು. ಅಮ್ಮನಿಗೆ ಇವತ್ತಿಗೂ ಸಿಟ್ಟು. ಈ ಮನೆಗೆ ದೊಡ್ಡವಳು ತಾನಂತೆ, ಆನೆಯಲ್ಲವಂತೆ.

ಶುರುಮಾಡುವ ಮುಂಚೆ ಮಾವ ಎಂದಿನಂತೆ ಸೊಂಡಿಲ ತುದಿ ಹಿಡಿದು ಒಳಗೆ ಫೂ ಎಂದು ಊದಿದ. ಇಬ್ಬರ ಗುಡ್ ಮಾರ್ನಿಂಗ್ ಅದು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಳು. ನನಗೆ ನಗು. ಮಾವ ಕೆಮ್ಮಿದ, ಬೆಳಗಿನ ಥಂಡಿ ಅಂದ. ಚೀಲ ತುಂಬಿತು. ನಾಳೆ, ನಾಡಿದ್ದು ಇನ್ನೆರಡು.

ಮಾರ್ಚ್ 22

ಉಳಿದ ಆನೆಗಳದ್ದು ಕ್ಲೀನ್. ದೊಡ್ಡಮ್ಮನ ಮೂರು ಬಾಟಲಿಗಳಲ್ಲಿ ಒಂದರಲ್ಲಿ ರೋಗಾಣು ಬೆಳೆದಿದೆ. ಟಿಬಿ. ಮನುಷ್ಯರಿಗೆ ಬರುವ ಜಾತಿಯದೇ. ಎರಡು ಸಲ ನೋಡಿದೆ. ಮೂರನೆಯ ಸಲ ನೋಡಿದ್ದು ಬದಲಾಗಲಿ ಎಂಬ ಆಸೆಗೆ.

ಡೈರೆಕ್ಟರ್‌ಗೆ ಹೇಳಲೇಬೇಕು, ಹೇಳಿದೆ. ಸಂಜೆಯೊಳಗೆ ದೊಡ್ಡಮ್ಮನನ್ನು ಹಿಂದಿನ ಶೆಡ್ಡಿಗೆ ಒಂಟಿಯಾಗಿ ಹಾಕಿದರು. ತಿಂಗಳುಗಟ್ಟಲೆ ಔಷಧಿ ಈ ವಯಸ್ಸಿಗೆ ತಡೆಯುತ್ತದಾ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹಾಗಾದರೆ ನೋವಿಲ್ಲದ ಹಾಗೆ ಕಳಿಸಿಕೊಡುವ ಇಂಜೆಕ್ಷನ್ ವಿಚಾರ ಕಮಿಟಿ ಮುಂದಿಡಬೇಕಾಗುತ್ತದೆ ಎಂದರು. ಒಳ್ಳೆಯ ಮನುಷ್ಯ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮಾವನಿಗೆ ನಾನೇ ತಿಳಿಸಿದೆ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದ.

ಮಾರ್ಚ್ 24, ಭಾನುವಾರ

ಮಾವ ಊಟಕ್ಕೆ ಬಂದಿದ್ದ. ಅರ್ಧ ತಟ್ಟೆ ಬಿಟ್ಟ. ಅಮ್ಮನ ಗೊಣಗಾಟ — ಬೆಲ್ಟಿಗೆ ಹೊಸ ತೂತು, ಸಂಜೆಯಾದರೆ ಮೈ ಬಿಸಿ, ಕೆಮ್ಮಂತೂ ಕೇಳಲೇಬೇಡ. ಆನೆಯ ಚಿಂತೆ ಅಂದ ಮಾವ.

“ಆನೆ ಮೇಲೆ ಹಾಕಬೇಡ. ಚಳಿಗಾಲದಿಂದ ಕೇಳ್ತಿದ್ದೀನಿ ನಿನ್ನ ಕೆಮ್ಮು” ಅಂದಳು ಅಮ್ಮ.

ಲೋಟ ಕೆಳಗಿಟ್ಟೆ. ಚಳಿಗಾಲದಿಂದ... ಮೊದಲು ಫೂ, ಆಮೇಲೆ ಚೀಲ. ನನ್ನ ಕಣ್ಣೆದುರೇ ಊದಿದ್ದ, ನಾನು ಹಲ್ಲು ಕಿರಿದುಕೊಂಡು ನಿಂತಿದ್ದೆ. ಸೊಂಡಿಲಿಂದ ಬಂದದ್ದೆಲ್ಲ ಆನೆಯದೇ ಅಂತ ರಿಪೋರ್ಟ್ ಕೊಟ್ಟುಬಿಟ್ಟೆ. ನಾಚಿಕೆಯಾಯಿತು.

ನಾಳೆ ಆಸ್ಪತ್ರೆಗೆ ಹೋಗೋಣ ಎಂದೆ. ಕಾರಣವನ್ನೂ ಬಿಡಿಸಿ ಹೇಳಿದೆ — ಚೀಲಕ್ಕೆ ಬಂದ ರೋಗಾಣು ನಿನ್ನ ಉಸಿರಿನದೇ ಇರಬಹುದು. ಮಾವ ಯೋಚಿಸಿ ಕೇಳಿದ: “ನನಗಿದ್ರೆ ಅವಳಿಗಿಲ್ಲ ಅಂತಾನಾ ಪುಟ್ಟಿ?”

ಹಾಗೂ ಇರಬಹುದು. ಅವನಿಂದ ಅವಳಿಗೆ ಅಂಟಿಯೂ ಇರಬಹುದು. ಎರಡನ್ನೂ ಹೇಳಿದೆ. ಮಾವನ ಮುಖ ಸಪ್ಪಗಾಯಿತು.

ಮಾರ್ಚ್ 27

ಮಾವನ ಕಫ ಪಾಸಿಟಿವ್. ಮಾತ್ರೆ ಶುರು. ಮೃಗಾಲಯದೊಳಗೆ ಕಾಲಿಡುವ ಹಾಗಿಲ್ಲ. ಅಮ್ಮನದ್ದೂ ನನ್ನದ್ದೂ ಟೆಸ್ಟ್ ಆಯಿತು, ಸದ್ಯಕ್ಕೆ ಬಚಾವ್. ಡೈರೆಕ್ಟರ್ ಮುಂದೆ ನನ್ನ ಎಡವಟ್ಟನ್ನೂ ಒಪ್ಪಿಕೊಂಡೆ. ಕಮಿಟಿ ಸಭೆ ಮುಂದಕ್ಕೆ ಹೋಯಿತು. ಹೊಸ ಸ್ಯಾಂಪಲ್ ಬೇಕು.

ಏಪ್ರಿಲ್ 2

ದೊಡ್ಡಮ್ಮ ಊದಲಿಲ್ಲ. ಮಾವನ ಬದಲಿಗೆ ಬಂದಾಕೆ ಗೋಗರೆದಳು, ಬಾಳೆಹಣ್ಣು ತೋರಿಸಿದಳು. ಹಣ್ಣು ಹೊಟ್ಟೆಗೆ ಹೋಯಿತು, ಸಲೈನ್ ನನ್ನ ಮೈಮೇಲೆ. ಕೊನೆಗೆ ಮಾವನಿಗೆ ಫೋನ್, ಸ್ಪೀಕರ್ ಆನ್. ಕೆಮ್ಮು ತಡೆದುಕೊಂಡು, “ಎತ್ತು ತಾಯಿ... ಹಾಂ, ಈಗ ಊದು” ಅಂದ.

ಕಿವಿ ಬೀಸುವುದು ನಿಂತಿತು. ಎತ್ತಿದಳು. ಊದಿದಳು. ಆಮೇಲೆ ಫೋನನ್ನು ಸೊಂಡಿಲಿಂದ ತಡವಿ ತಡವಿ ನೋಡಿದಳು. ನನಗೆ ಅಳು ಬಂತು.

ಜೂನ್ 4

ಹೊಸ ಮೂರೂ ಬಾಟಲಿ ಕ್ಲೀನ್. ರಕ್ತದ ಟೆಸ್ಟೂ. ಇನ್ನೊಂದು ವರ್ಷ ಕಣ್ಣಿಟ್ಟಿರಬೇಕು, ಆದರೆ ಇಂಜೆಕ್ಷನ್ ಮಾತು ಮುಗಿಯಿತು. ಮಧ್ಯಾಹ್ನ ಅವಳನ್ನು ಜೊತೆಗಾತಿಯರ ಹತ್ತಿರ ಬಿಟ್ಟರು.

ಮಾವನ ಮನೆಗೆ ಹೋಗಿ ಹೇಳಿದೆ.

“ಹಾಗಾದ್ರೆ ಎಲ್ಲಾ ನಂದೇ ತಾನೆ? ಅವಳದೇನೂ ಇಲ್ವಲ್ಲ?”

ಎಲ್ಲಾ ನಿನ್ನದೇ ಮಾವ ಎಂದೆ. ಲಾಟರಿ ಹೊಡೆದವನ ಹಾಗೆ ನಕ್ಕ. ಅಮ್ಮ ಬೈದಳು. ಬೈಯುತ್ತಲೇ ಅತ್ತಳು.

ಅಕ್ಟೋಬರ್ 9

ಮಾತ್ರೆ ಮುಗಿದವು. ಅಂಟುವ ಭಯವಿಲ್ಲ ಅಂತ ಆಸ್ಪತ್ರೆಯವರ ಚೀಟಿ. ಮಾವ ಇವತ್ತು ಕೆಲಸಕ್ಕೆ ಬಂದ. ಆದರೂ ಮಾಸ್ಕ್ ಹಾಕಿಸಿದೆ. ದಾರಿಯುದ್ದಕ್ಕೂ ಪಾಠ — ಮುಟ್ಟಬಹುದು, ಊದುವ ಹಾಗಿಲ್ಲ, ಇನ್ನೆಂದಿಗೂ ಇಲ್ಲ. ಸರಿ ಸರಿ ಎಂದು ತಲೆಯಾಡಿಸಿದ.

ದೊಡ್ಡಮ್ಮ ಬೇಲಿಯ ಹತ್ತಿರ ಬಂದಳು. ಸೊಂಡಿಲು ಚಾಚಿ ಅವನ ಮುಖದ ಮುಂದೆ ಹಿಡಿದಳು. ಕಾದಳು. ಮಾವ ಮಾಸ್ಕಿನ ಮೇಲೆ ಎರಡೂ ಕೈ ಒತ್ತಿಕೊಂಡು ನಿಂತ, ಕಣ್ಣಲ್ಲಿ ನೀರು. ಮಾತಿಗೆ ತಪ್ಪಲಿಲ್ಲ.

ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಅವಳೇ ಊದಿದಳು, ಅವನ ಮುಖಕ್ಕೆ. ಮಾಸ್ಕ್ ಒಂದು ಕಿವಿಗೆ ಜೋತುಬಿತ್ತು. ಗದರಬೇಕು ಅಂತ ಬಾಯಿ ತೆರೆದೆ, ನಿಯಮ ಇಬ್ಬರಿಗೂ ಒಂದೇ ಅಲ್ಲವಾ, ಆದರೆ ಬಾಯಿಂದ ಬಂದದ್ದು ನಗು.