ಆ ದಿನವೇ ಮುಗಿಯುವ ಪಾಠ

ವಿಜ್ಞಾನದ ಮೇಡಂ ಅವರಿಗೆ ನಮಸ್ಕಾರ.

ಮಕ್ಕಳ ವಾರ್ಡಿನಲ್ಲಿ ನೀವು ‘ಪ್ರಶ್ನೆಪುಟ್ಟಿ’ ಎಂದು ಕರೆಯುವ ಹುಡುಗಿಯ ತಂದೆ ನಾನು. ನೀವು ಬಲೂನು ಉಜ್ಜಿ ಕಾಗದದ ಚೂರುಗಳನ್ನು ಕುಣಿಸಿದ ದಿನ ಅವಳು ಔಷಧಿಗೆ ರಂಪ ಮಾಡಲಿಲ್ಲ.

ಮುಂದಿನ ಸಲ ಮರಿಹುಳು ತರುತ್ತೀರಂತೆ, ಅದು ಚಿಟ್ಟೆಯಾಗುವವರೆಗೆ ಮಕ್ಕಳೇ ಸಾಕಬೇಕಂತೆ. “ಅಪ್ಪಾ, ಅದು ಹಾರೋವಾಗ ಕಿಟಕಿ ನಾನೇ ತೆಗೀತೀನಿ, ಆಯ್ತಾ?” ಎಂದು ನನ್ನ ಪ್ರಾಣ ತಿನ್ನುತ್ತಿದ್ದಾಳೆ. ಹೂಂ ಅಂದುಬಿಟ್ಟೆ.

ನಿನ್ನೆ ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದು ಮಾತಾಡಿದರು. ಇನ್ನು ಮಾಡುವಂಥದ್ದೇನೂ ಉಳಿದಿಲ್ಲವಂತೆ. ಅವರು ಹೇಳಿದ್ದನ್ನು ನೋಡಿದರೆ, ಹುಳು ಚಿಟ್ಟೆಯಾಗುವಷ್ಟು ಕಾಲ ಅವಳಿಗಿಲ್ಲ. ಅವಳ ಅಮ್ಮ ಆಗಿನಿಂದ ಬಾಯಿಗೆ ನೀರೂ ಹಾಕಿಲ್ಲ.

ದಯವಿಟ್ಟು ಆ ದಿನವೇ ಮುಗಿಯುವ ಪಾಠವೇನಾದರೂ ತನ್ನಿ. ಹುಳು ಸಿಗಲಿಲ್ಲ ಎಂದು ಹೇಳಿಬಿಡಿ. ಅವಳು ನಿಮ್ಮ ಮೇಲೆ ಮುನಿಸಿಕೊಳ್ಳುತ್ತಾಳೆ. ಮುನಿಸಿಕೊಳ್ಳಲಿ.

ಇಂತಿ,
ಅವಳ ಅಪ್ಪ