ದಿನಕ್ಕೊಂದೇ ಮದ್ದು

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 7.30

ತಾತ ರೊಟ್ಟಿ ತಿಂದು ಬಿ.ಪಿ. ಮಾತ್ರೆ ನುಂಗಿದ. ಯಾರೂ ನೆನಪಿಸಬೇಕಿಲ್ಲ. ಆದರೂ ನಿನ್ನೆ ನಾರಾಯಣಪೇಟೆಯ ಕಣ್ಣಿನ ಆಸ್ಪತ್ರೆಯಿಂದ ಎರಡನೇ ಸಲ ವಾಪಸ್. 178/104. ಇಷ್ಟಿದ್ದರೆ ಪೊರೆ ತೆಗೆಯುವುದಿಲ್ಲವಂತೆ. 26ಕ್ಕೆ ಬನ್ನಿ ಅಂದಿದ್ದಾರೆ.

ಶ್ರೀನು ಕಾಕಾ ಅಂಗಳದಲ್ಲೇ ಹೇಳಿಬಿಟ್ಟ: “ಈ ಸಲನೂ ಆಪರೇಷನ್ ಆಗಲಿಲ್ಲಂದ್ರ ಕುರಿ ಗದ್ವಾಲ ಸಂತಿಗೆ ಹೊಡಕೊಂಡು ಹೋಗಿ ಮಾರ್ತೀನಿ. ಕಣ್ಣು ಕಾಣದವ ಹೆಂಗ ಕಾಯ್ತಾನ?”

“ಕುರಿ ಕಾಯಾಕ ನಾನದೀನಿ. ನಿನ್ನ ಬಾಯಿ ಕಾಯಾಕ ಯಾರದಾರ?” ಅಂದ ತಾತ.

ಎಲ್ಲರೂ ನಕ್ಕರು. ತಾತ ನಗಲಿಲ್ಲ.

ಮಾರ್ಚ್ 5

ಬಿ.ಪಿ. ತೋರಿಸಲು ಮಕ್ತಲ್ ಆಸ್ಪತ್ರೆಗೆ. ಶಿರೀಷಾ ಡಾಕ್ಟರ್ ಮೂರು ಬಗೆಯ ಮಾತ್ರೆ ಬರೆದುಕೊಟ್ಟು ತಿಂಗಳಾಯಿತು. ದಿನಾ ತಗೊಳ್ತೀಯಾ ತಾತಾ, ಎಂದು ತೆಲುಗಿನಲ್ಲಿ ಕೇಳಿದರು. “ಒಕ್ಕ ರೋಜೂ ತಪ್ಪಲೇದಮ್ಮಾ” — ಒಂದು ದಿನವೂ ತಪ್ಪಿಸಿಲ್ಲ. ಹಾಗಿದ್ದರೆ ನಾಲ್ಕನೆಯದೂ ಸೇರಿಸಬೇಕಾದೀತು, ರಕ್ತ ಪರೀಕ್ಷೆ ಮಾಡಿಸಿ ಶನಿವಾರ ಬನ್ನಿ ಅಂದರು.

ಮನೆಗೆ ಬಂದು ಮಾತ್ರೆಯ ಡಬ್ಬಿ ತೆಗೆದೆ. ಮೂರು ಬಗೆ, ತಲಾ ಮೂವತ್ತು ತಂದದ್ದು. ಈಗ ಮುಗಿದಿರಬೇಕಿತ್ತು. ಒಂದೊಂದರಲ್ಲೂ ಇಪ್ಪತ್ತು ಉಳಿದಿವೆ!

“ತಾತಾ, ದಿನಕ್ಕ ಎಷ್ಟು ತಗೋತಿ?”

“ಒಂದು. ಇವತ್ತ ಬಿಳೀದು, ನಾಳಿ ಹಳದಿ, ನಾಡಿದ್ದು ಸಣ್ಣದು. ಸರದಿ.”

“ಮೂರೂ ದಿನಾ ತಗೋಬೇಕಲ್ಲ?”

“ಹುಚ್ಚಿ! ಜಂತಿನ ಮದ್ದು ಕುಡಿಸಿದ ದಿನ ಕುರಿಗೆ ಸೂಜಿ ಹಾಕಿಸ್ತೀವೇನಬೇ? ಒಂದ ದಿನ ಎರಡು ಮದ್ದು ಬಿದ್ದರ ಕುರಿ ಕಾಲು ಚಾಚತೈತಿ.”

ಅರವತ್ತು ವರ್ಷ ಕುರಿ ಸಾಕಿದವನ ಎಚ್ಚರಿಕೆ. ಅಸಡ್ಡೆಯಾಗಿದ್ದರೆ ಬೈಯಬಹುದಿತ್ತು.

ಮಾರ್ಚ್ 6. ಮಧ್ಯಾಹ್ನ

ಕುರಿಗಳ ಹಿಂದೆ ನಾನೂ ಹೋದೆ. ಹೈವೇ ದಾಟಿಸುವಾಗ ತಾತ ಮುಂದೆ, ಕಾಕಾ ಹಿಂದೆ, ನಾನು ಕೈ ಚಾಚಿ ಲಾರಿ ನಿಲ್ಲಿಸಿದೆ. ಆ ಕಡೆ ಸೇರಿದ ಮೇಲೆ ಒಂದೇ ಉಸಿರಿಗೆ ಹೇಳಿದೆ:

“ಇವತ್ತ ನೀ ಒಬ್ಬನ, ನಾಳಿ ಕಾಕಾ ಒಬ್ಬನ, ನಾಡಿದ್ದು ನಾ ಒಬ್ಬಾಕಿ... ಹಿಂಗ ಸರದಿ ಮ್ಯಾಲ ದಾಟಿಸಿದ್ರ?”

“ಲಾರಿ ಬುಡಕ ಹೋಗ್ತಾವ.”

“ಮಾತ್ರೆನೂ ಹಂಗ. ಒಂದೊಂದು ಒಂದೊಂದು ಕಡಿ ತಡೀತೈತಿ. ಮೂರೂ ಒಮ್ಮೆಲೇ ನಿಲ್ಲಬೇಕು.”

ತಾತ ಹಚ್ಚಲು ತೆಗೆದ ಬೀಡಿಯನ್ನು ಮತ್ತೆ ಜೇಬಿಗೆ ಹಾಕಿದ. ಕಾಕಾ ಮಾತ್ರ, “ಎಂ.ಎ. ಓದಿದ್ದು ಇದಕ್ಕೇನು?” ಅಂದ.

“ಇವತ್ತ ಮೂರೂ ನುಂಗ್ಲೇನು ಮತ್ತ?” ಅಂದ ತಾತ.

“ಬ್ಯಾಡ. ಡಾಕ್ಟರಿಗೆ ಕೇಳೋಣ.”

“ನೀನ ಹೇಳು. ನಂಗ ನಾಚಿಕಿ.”

ನಾಚಿಕೆ! ನಾಲ್ಕು ಜನರ ಮುಂದೆ ಬಾಯಿ ಬಾರದ ನನಗೆ ಹೇಳುತ್ತಿದ್ದಾನೆ...

ಮಾರ್ಚ್ 8, ಶನಿವಾರ

ಬಸ್ಸಿನಲ್ಲಿ ತೆಲುಗು ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಒಳಗೆ ಹೋದ ಕೂಡಲೇ ಎಲ್ಲ ಮರೆತೆ. ಕನ್ನಡದಲ್ಲೇ ಹೇಳಿದೆ. ಹಿಂದೆ ಇಡೀ ಸಾಲು ಕೇಳಿಸಿಕೊಳ್ಳುತ್ತಿತ್ತು. ಡಾಕ್ಟರಿಗೆ ಅರ್ಥವಾಯಿತು. ನಾಲ್ಕನೆಯ ಮಾತ್ರೆಯ ಹೆಸರು ಆಗಲೇ ಬರೆದಿದ್ದರು, ಅಡ್ಡಗೆರೆ ಎಳೆದರು.

ಮೊದಲ ವಾರ ಎರಡು ಜೊತೆಗೆ. ಆಮೇಲೆ ಮೂರನೆಯದು. ಎದ್ದಾಗ ತಲೆ ತಿರುಗಿದರೆ ಕೂತುಬಿಡಬೇಕು, ಫೋನ್ ಮಾಡಬೇಕು.

ಎರಡರದ್ದು ಒಂದೇ ಮಾತ್ರೆಯಾಗಿಯೂ ಬರುತ್ತದೆ, ಅದನ್ನೇ ಕೊಡಲಾ ಎಂದು ಕೇಳಿದರು. ತಾತ ಕೈ ಮುಗಿದ: “ಬ್ಯಾಡ್ರಿ ತಾಯಿ. ಒಳಗ ಯಾರದಾರ ಅಂತ ಗೊತ್ತಾಗಂಗಿಲ್ಲ.”

ಮಾರ್ಚ್ 19

146/90. ಮೂರೂ ಶುರುವಾಗಿ ನಾಲ್ಕು ದಿನ. ತಲೆ ತಿರುಗಿಲ್ಲ. ಕಾಕಾ ಗದ್ವಾಲದ ಮಾತು ಎತ್ತಿಲ್ಲ. ನನಗೆ ಭಯವಿಲ್ಲ — ನಿಜವಲ್ಲದಿದ್ದರೂ ಹಾಗೆಂದು ಬರೆದಿಟ್ಟಿರುತ್ತೇನೆ.

ಮಾರ್ಚ್ 26. 9.40, ನಾರಾಯಣಪೇಟೆ

ನರ್ಸ್ ತೋಳಿಗೆ ಪಟ್ಟಿ ಸುತ್ತಿ ಸುಮ್ಮನಿರು ಅಂದರೂ ತಾತ ಮಾತು ನಿಲ್ಲಿಸಲಿಲ್ಲ. 138/84. ಎರಡನೇ ಸಲವೂ ಅಷ್ಟೇ. ಆಪರೇಷನ್ನಿನ ಹಸಿರು ಅಂಗಿ ತೊಡಿಸಿದರು.

“ಶ್ರೀನೂಗ ಫೋನ್ ಹಚ್ಚು. ಮಾರಂಗಿಲ್ಲ ಅನ್ನು.”

ಹಚ್ಚಿದೆ. ಬಿ.ಪಿ. ಎಷ್ಟೆಂದು ಹೇಳಿದೆ. ಅತ್ತ ಕಡೆಯಿಂದ ಕುರಿಗಳ ಸದ್ದು. ಆಮೇಲೆ, “ಮುದುಕನ್ನ ಲಗೂನ ಕರಕೊಂಡು ಬಾ. ಇವು ಒಂದೂ ನನ್ನ ಮಾತು ಕೇಳವಲ್ವು.”

ಒಳಗಿಂದ ಕರೆಯುತ್ತಿದ್ದಾರೆ — ಮೊಗುಲಪ್ಪ! ತಾತ ಎದ್ದ. ನನಗಿಂತ ಮುಂದೆ ತಾನೇ ಬಾಗಿಲಿಗೆ ನಡೆದ.